ಬೆಳಿಗ್ಗೆ 6:50ಕ್ಕೆ ನೆಟ್ ಹೋಗುತ್ತಿತ್ತು

ಅಮ್ಮ ವೀಣೆ ಪಾಠ ಹೇಳುತ್ತಾರೆ. ಮೈಸೂರಿನ ಸರಸ್ವತಿಪುರಂನ ನಮ್ಮ ಹಳೇ ಮನೆಯ ಹಿಂದಿನ ಕೋಣೆಯೇ ಅವರ ಪಾಠಶಾಲೆ. ಮೊದಲೆಲ್ಲ ಮಕ್ಕಳು ಮನೆಗೇ ಬರುತ್ತಿದ್ದರು. 2020ರ ಲಾಕ್‌ಡೌನ್ ಹೊತ್ತಿಗೆ ಪಾಠ ಲ್ಯಾಪ್‌ಟಾಪ್‌ಗೆ ಬಂತು. ಲಾಕ್‌ಡೌನ್ ಮುಗಿದರೂ ದೂರದ ಶಿಷ್ಯರು ಅಮ್ಮನನ್ನು ಬಿಡಲಿಲ್ಲ. ಬೆಳಿಗ್ಗೆ ಆರೂವರೆಗೆ ಕ್ಯಾಲಿಫೋರ್ನಿಯಾದಿಂದ ಹತ್ತು ವರ್ಷದ ಒಬ್ಬ ಹುಡುಗಿ ಪಾಠಕ್ಕೆ ಕೂರುತ್ತಾಳೆ. ಬೇಸಿಗೆಯಲ್ಲಿ ಅಲ್ಲಿ ಆಗ ಹಿಂದಿನ ದಿನದ ಸಂಜೆ ಆರು ಗಂಟೆ. ಶಾಲೆ ಮುಗಿಸಿ, ಏನಾದರೂ ತಿಂದು, ವೀಣೆ ಮುಂದೆ ಬರುತ್ತಾಳೆ.

ವೀಣೆಯಲ್ಲಿ ತಂತಿ ಮೀಟಿದರೆ ಕೆಲಸ ಮುಗಿಯುವುದಿಲ್ಲ. ಮೀಟಿದ ಮೇಲೆ ತಂತಿಯನ್ನು ಎಳೆದು, ಆ ಸ್ವರವನ್ನು ಪಕ್ಕದ ಸ್ವರಕ್ಕೆ ತಾಗಿಸಿ ತರಬೇಕು. ಅದು ಕಿವಿಯಿಂದಲೇ ಕಲಿಯುವ ವಿದ್ಯೆ. ಎರಡು ಸೆಕೆಂಡ್ ಶಬ್ದ ನಿಂತರೂ ಆ ಎಳೆತ ಮಗುವಿಗೆ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ನಿಲ್ಲುತ್ತಿದ್ದದ್ದು ಎರಡು ಸೆಕೆಂಡ್ ಅಲ್ಲ, ಮೂರು ನಿಮಿಷ. ಹೋದ ವರ್ಷ ಆಷಾಢದ ಹೊತ್ತಿಗೆ ಇದು ವಾರಕ್ಕೆ ಎರಡು ಮೂರು ಸಲ ಆಗತೊಡಗಿತು. ಸಂಜೆ ಹೊತ್ತು ಬೇರೆ ಥರ. ನೆಟ್ ಪೂರ್ತಿ ಹೋಗುತ್ತಿರಲಿಲ್ಲ, ತೆವಳುತ್ತಿತ್ತು. ಮುಖ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತು.

ಅಮ್ಮ ಯಾರ ಮೇಲೂ ರೇಗುವವರಲ್ಲ. ಒಂದು ದಿನ ಪಾಠ ಮುಗಿಸಿ ಬಂದು, "ಮಗು ಎರಡು ಸಲ ತಪ್ಪು ನುಡಿಸಿತು, ನನಗೆ ಗೊತ್ತೇ ಆಗಲಿಲ್ಲ ಕಣೆ. ತಿದ್ದಬೇಕಿತ್ತು" ಅಂದರು. ಅವತ್ತೇ ಇದನ್ನು ಸರಿ ಮಾಡಲೇಬೇಕು ಅಂತ ಕೂತೆ. ನನಗೆ ಮನೆಯಿಂದಲೇ ಆಫೀಸ್ ಕೆಲಸ, ಸಂಬಳದ ಲೆಕ್ಕ ನೋಡುವುದು. ನೆಟ್‌ವರ್ಕ್ ವಿಷಯ ಕಲಿತವಳಲ್ಲ. ಮುಂದಿನ ಐದು ವಾರದಲ್ಲಿ ಸ್ವಲ್ಪ ಸ್ವಲ್ಪ ಕಲಿತೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ, ಕಂಪನಿಗೆ ದೂರು. ನಮ್ಮದು ಫೈಬರ್ ಸಂಪರ್ಕ. ಹಾಲಿನ ಟಿವಿ ಶೋಕೇಸಿನಲ್ಲಿ ಒಂದೇ ಡಬ್ಬ, ಅಂದರೆ ರೂಟರ್, ಇದೆ. ಫೈಬರ್ ಅದಕ್ಕೇ ಬರುತ್ತದೆ, ವೈಫೈ ಕೂಡ ಅದರಿಂದಲೇ ಹೊರಡುತ್ತದೆ. ಮಾರನೇ ದಿನ ಒಬ್ಬ ಹುಡುಗ ಬಂದ. ಒಳ್ಳೆಯ ಹುಡುಗ, ಕೆಲಸ ಗೊತ್ತಿದ್ದವನು. ಫೈಬರ್ ತುದಿ ಬಿಚ್ಚಿ ಕೈಯಲ್ಲಿದ್ದ ಸಣ್ಣ ಮೀಟರಿಗೆ ಚುಚ್ಚಿ ತೋರಿಸಿದ.

"ನೋಡಿ ಮೇಡಂ, ಮೈನಸ್ 19 ಬರ್ತಿದೆ. ಲೈನ್ ಚೆನ್ನಾಗಿದೆ."

ಏನದು ಅಂತ ಕೇಳಿದೆ. ಫೈಬರಿನಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಅನ್ನುವ ಅಳತೆಯಲ್ಲಿ ನೋಡುತ್ತಾರೆ. ಮೈನಸ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೂರು ಅಂಕಿ ಇಳಿದರೆ ಬೆಳಕು ಅರ್ಧಕ್ಕರ್ಧ ಕಮ್ಮಿ ಆಯಿತು ಅಂತ. ಮೈನಸ್ 27ರ ಆಸುಪಾಸಿಗೆ ಹೋದರೆ ಈ ಡಬ್ಬಗಳು ಒದ್ದಾಡತೊಡಗುತ್ತವೆ. ಮೈನಸ್ 19 ಅಂದರೆ ಯೋಚನೆ ಇಲ್ಲ. ಬಾಗಿಲ ಮೂಲೆಯಲ್ಲಿ ಫೈಬರ್ ಜಾಸ್ತಿ ಬಗ್ಗಿದೆಯಾ ಅಂತಲೂ ನೋಡಿದ. ಗಾಜಿನ ಎಳೆ ಅಲ್ವಾ, ಚೂಪಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ. ಅಲ್ಲೂ ಸರಿ ಇತ್ತು.

ಒಂದು ವಾರ ಕಳೆದು ಮತ್ತೆ ದೂರು ಕೊಟ್ಟೆ. ಈ ಸಲ ಅವನು, "ಬಾಕ್ಸೇ ಚೇಂಜ್ ಮಾಡಿಬಿಡೋಣ ಮೇಡಂ" ಅಂದ. ಹೊಸ ಡಬ್ಬ ತಂದ, ಹಳೆಯದನ್ನು ತೆಗೆದ. ಅಡಾಪ್ಟರ್ ಶೋಕೇಸಿನ ಹಿಂದೆ, ಕೈ ತೂರಿಸಬೇಕಾದ ಜಾಗದಲ್ಲಿತ್ತು. ಅದನ್ನು ಮುಟ್ಟಲಿಲ್ಲ. "ಹಳೇದೇ ಆಗುತ್ತೆ, ಎರಡಕ್ಕೂ ಒಂದೇ" ಅಂತ ಅದರ ಪಿನ್ನನ್ನೇ ಹೊಸ ಡಬ್ಬಕ್ಕೆ ಚುಚ್ಚಿ ಹೋದ. ನನಗೂ ಆಗ ಅದು ಸರಿ ಅನ್ನಿಸಿತು. ಈ ಕಥೆಯಲ್ಲಿ ಮುಖ್ಯವಾದ ಜಾಗ ಇದೇ.

ಹೊಸ ಡಬ್ಬ ಬಂದ ಮೂರನೇ ದಿನ ಬೆಳಿಗ್ಗೆ ನೆಟ್ ಮತ್ತೆ ಹೋಯಿತು.

ಆ ಭಾನುವಾರ ನಾನೇ ಕೈ ಹಾಕಿದೆ. ಒಂದೇ ದಿನದಲ್ಲಿ ಐದಾರು ಬದಲಾವಣೆ ಮಾಡಿದೆ. ಧೂಳು ಕೂರಬಾರದು ಅಂತ ಅಮ್ಮ ಡಬ್ಬದ ಮೇಲೆ ಹೊದಿಸಿದ್ದ ಕ್ರೋಶಾ ಬಟ್ಟೆ ತೆಗೆದೆ. ಡಬ್ಬವನ್ನು ಶೋಕೇಸಿನ ಒಳಗಿನಿಂದ ಮೇಲಕ್ಕೆ ಇಟ್ಟೆ. ವೈಫೈ ಚಾನೆಲ್, ಅಂದರೆ ಅದು ಬಳಸುವ ಅಲೆಯ ಜಾಗ, ಬದಲಾಯಿಸಿದೆ, ಪಾಸ್‌ವರ್ಡ್ ಬದಲಾಯಿಸಿದೆ. ಕೊನೆಗೆ ಹಿಂದಿನ ಸಣ್ಣ ತೂತಿಗೆ ಪಿನ್ನು ಒತ್ತಿ ಪೂರ್ತಿ ರೀಸೆಟ್ ಮಾಡಿದೆ. ರೀಸೆಟ್ ಅಂದರೆ ಡಬ್ಬ ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ಹೋಗುತ್ತದೆ. ಕಂಪನಿಯವರು ಅದರೊಳಗೆ ತುಂಬಿದ್ದ ಯೂಸರ್‌ನೇಮ್, ಪಾಸ್‌ವರ್ಡ್, ಅವರ ಜಾಲಕ್ಕೆ ಸೇರಲು ಬೇಕಾದ ವಿಲ್ಯಾನ್ ಸಂಖ್ಯೆ ಎಲ್ಲವೂ ಅಳಿಸಿಹೋದವು. ಅವು ನನ್ನ ಹತ್ತಿರ ಎಲ್ಲೂ ಬರೆದಿರಲಿಲ್ಲ. ಸೋಮವಾರ ಮಧ್ಯಾಹ್ನದವರೆಗೆ ಮನೆಯಲ್ಲಿ ನೆಟ್ ಇಲ್ಲ. ಅಮ್ಮನ ಪಾಠ ತಪ್ಪಿತು, ನನ್ನ ಅರ್ಧ ದಿನದ ರಜೆ ಹೋಯಿತು. ನೀವು ರೀಸೆಟ್ ಮಾಡಲೇಬೇಕು ಅಂತಿದ್ದರೆ ಮೊದಲು ರೂಟರ್‌ನ ಒಳಪುಟಗಳಿಗೆ ಹೋಗಿ, ವ್ಯಾನ್ (WAN, ಹೊರಗಿನ ಸಂಪರ್ಕ) ಸೆಟ್ಟಿಂಗ್ಸ್ ಪುಟದ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಂಡರೆ ಕಂಪನಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಬುಧವಾರ ಬೆಳಿಗ್ಗೆ ನೆಟ್ ಹೋಯಿತು. ಸಂಜೆ ಮಾತ್ರ ಸ್ವಲ್ಪ ಸುಧಾರಿಸಿದ ಹಾಗೆ ಇತ್ತು. ಯಾವುದರಿಂದ ಸುಧಾರಿಸಿತು? ಚಾನೆಲ್ಲಿನಿಂದಲಾ, ಜಾಗ ಬದಲಿಸಿದ್ದರಿಂದಲಾ, ಬಟ್ಟೆ ತೆಗೆದಿದ್ದರಿಂದಲಾ? ಹೇಳಲು ಆಗಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ ನಾನೇ ಸುಳಿವುಗಳನ್ನು ಅಳಿಸಿದ್ದೆ. ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ, ಅದಾದ ಮೇಲೆ ಮೂರು ದಿನ ಕಾಯುವುದು ಅಂತ ತೀರ್ಮಾನ ಮಾಡಿದೆ. ಅಮ್ಮನಿಗೆ ಒಂದು ಕೆಲಸ ಹೇಳಿದೆ. ನೆಟ್ ಹೋದಾಗಲೆಲ್ಲ ದಿನ, ಗಂಟೆ, ನಿಮಿಷ ಬರೆದಿಡಿ ಅಂತ. ಅವರ ಹತ್ತಿರ ಶಿಷ್ಯರ ಪಾಠದ ನೋಟ್‌ಬುಕ್ ಇದ್ದೇ ಇತ್ತು. ಯಾರಿಗೆ ಯಾವ ವರಸೆ (ಸ್ವರಾಭ್ಯಾಸದ ಪಾಠ) ಆಯಿತು, ಎಲ್ಲಿ ಕೈ ತಡವರಿಸಿತು ಎಲ್ಲ ಅದರಲ್ಲಿ ಬರೆಯುತ್ತಾರೆ. ಅದರ ಅಂಚಿನಲ್ಲೇ ಕೆಂಪು ಪೆನ್ನಿನಿಂದ ಸಮಯ ಬರೆಯತೊಡಗಿದರು.

ನಾನು ಇನ್ನೊಂದು ಕಡೆಯಿಂದ ಶುರು ಮಾಡಿದೆ. "ನೆಟ್ ಹೋಯಿತು" ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆ ಅಡಗಿರಬಹುದು. ಹೊರಗಿನ ಲೈನ್ ಹೋಗಿರಬಹುದು. ಲೈನ್ ಇದ್ದು, ಡಬ್ಬದಿಂದ ಲ್ಯಾಪ್‌ಟಾಪ್‌ಗೆ ಬರುವ ವೈಫೈ ಹೋಗಿರಬಹುದು. ಇಲ್ಲಾ ಡಬ್ಬವೇ ಆರಿ ಹೊತ್ತಿಕೊಂಡಿರಬಹುದು. ಮೂರಕ್ಕೂ ಪರದೆ ಮೇಲೆ ಕಾಣುವುದು ಒಂದೇ, ನಿಂತುಹೋದ ಮುಖ.

ಇವನ್ನು ಬೇರೆ ಮಾಡಲು ಖರ್ಚೇ ಇಲ್ಲದ ಒಂದು ಉಪಾಯ ಇದೆ, ಪಿಂಗ್. ಒಂದು ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಲ್ಯಾಪ್‌ಟಾಪ್‌ನಲ್ಲಿ ಕಪ್ಪು ಬಣ್ಣದ ಕಮಾಂಡ್ ಕಿಟಕಿ ಎರಡು ತೆರೆದೆ. ಒಂದರಿಂದ ನಮ್ಮ ಮನೆಯ ಡಬ್ಬಕ್ಕೇ ನಿಲ್ಲದೆ ಪಿಂಗ್ ಕಳಿಸಿದೆ. ಅದರ ವಿಳಾಸ 192.168.1.1. ಇನ್ನೊಂದರಿಂದ 8.8.8.8ಕ್ಕೆ, ಅಂದರೆ ಹೊರಗಿರುವ ಗೂಗಲ್‌ನ ಒಂದು ಸರ್ವರಿಗೆ. ಎರಡನೆಯದು ಮಾತ್ರ ನಿಂತರೆ ತೊಂದರೆ ಹೊರಗಿನ ಲೈನಿನದು. ಎರಡೂ ನಿಂತರೆ ತೊಂದರೆ ಮನೆಯೊಳಗಿನದು. ನಾಲ್ಕು ದಿನ ಹೀಗೆ ಬಿಟ್ಟು ನೋಡಿದೆ.

ಸಂಜೆ ಏಳರ ಮೇಲೆ ಹಿಂದಿನ ಕೋಣೆಯಿಂದ ಡಬ್ಬಕ್ಕೆ ಹೋಗಿ ಬರುವ ಪಿಂಗ್ ವಿಚಿತ್ರವಾಗಿ ಕುಣಿಯುತ್ತಿತ್ತು. ಹಾಲಿನಲ್ಲಿ ಕೂತರೆ 2 ಮಿಲಿಸೆಕೆಂಡ್, ಹಿಂದಿನ ಕೋಣೆಯಲ್ಲಿ 300, 400. ಹೊರಗಿನ ಸರ್ವರ್ ದೂರ ಇದೆ ಸರಿ, ನಮ್ಮದೇ ಮನೆಯ ಡಬ್ಬಕ್ಕೆ ಯಾಕೆ ಇಷ್ಟು ಹೊತ್ತು? ಅಲ್ಲಿಗೆ ಸಂಜೆಯ ತೊಂದರೆ ವೈಫೈನದು ಅಂತ ಗೊತ್ತಾಯಿತು. ಬೆಳಗಿನದು ಹಾಗಲ್ಲ. ಎರಡೂ ಕಿಟಕಿ ಒಂದೇ ಕ್ಷಣಕ್ಕೆ ನಿಂತವು, ಮೂರು ನಿಮಿಷಕ್ಕೆ ಒಟ್ಟಿಗೇ ಎದ್ದವು. ತಕ್ಷಣ ಡಬ್ಬದ ಒಳಪುಟಕ್ಕೆ ಹೋಗಿ ಅಪ್‌ಟೈಮ್ ನೋಡಿದೆ. ಡಬ್ಬ ಎಷ್ಟು ಹೊತ್ತಿನಿಂದ ಆರದೆ ಓಡುತ್ತಿದೆ ಅಂತ ಅದು ಹೇಳುತ್ತದೆ. ಹಿಂದಿನ ರಾತ್ರಿ ಎರಡು ದಿನಕ್ಕೂ ಮೇಲೆ ತೋರಿಸುತ್ತಿತ್ತು. ಈಗ ಬರೀ ಎರಡು ನಿಮಿಷ. ಲೈನ್ ಹೋಗಿ ಬಂದಿದ್ದರೆ ಅಪ್‌ಟೈಮ್ ಸೊನ್ನೆಗೆ ಬರುವುದಿಲ್ಲ. ಡಬ್ಬ ಆರಿ ಹೊತ್ತಿಕೊಂಡಿತ್ತು. ಮನೆಯಲ್ಲಿ ಕರೆಂಟ್ ಹೋಗಿರಲಿಲ್ಲ, ಫ್ಯಾನ್ ತಿರುಗುತ್ತಲೇ ಇತ್ತು.

ಇಷ್ಟು ದಿನ ಒಂದೇ ಕಾಯಿಲೆ ಅಂದುಕೊಂಡಿದ್ದೆವು. ಇದ್ದದ್ದು ಎರಡು.

ಸಂಜೆಯದ್ದನ್ನು ಮೊದಲು ಹಿಡಿದೆ, ಅದು ಸುಲಭದ್ದು. ಫೋನಿಗೆ ವೈಫೈ ಅನಲೈಸರ್ ಆಪ್ ಹಾಕಿಕೊಂಡು ಹಿಂದಿನ ಕೋಣೆಯಲ್ಲಿ ನಿಂತೆ. ಹದಿನಾಲ್ಕು ಮನೆಗಳ ವೈಫೈ ಕಂಡವು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ (ಅಲೆಗಳ ಪಟ್ಟಿಯಲ್ಲಿ) ನಮ್ಮಲ್ಲಿ 13 ಚಾನೆಲ್ ಇವೆ. ಆದರೆ ಒಂದು ಚಾನೆಲ್ಲಿಗೂ ಇನ್ನೊಂದಕ್ಕೂ ಇರುವ ಅಂತರ 5 ಮೆಗಾಹರ್ಟ್ಸ್, ಒಂದು ವೈಫೈಗೆ ಬೇಕಾದ ಅಗಲ 20. ಹಾಗಾಗಿ ಒಂದರ ಮೇಲೊಂದು ಬೀಳದ ಹಾಗೆ ಸಾಮಾನ್ಯವಾಗಿ ಬಳಸುವುದು ಮೂರೇ ಚಾನೆಲ್, 1, 6 ಮತ್ತು 11. ನಮ್ಮ ಡಬ್ಬ 11ರಲ್ಲಿತ್ತು, ಅಲ್ಲೇ ಇನ್ನೂ ಆರು ಮನೆಯವರಿದ್ದರು. ಜೊತೆಗೆ ಅಗಲವನ್ನು ಯಾರೋ 40ಕ್ಕೆ ಇಟ್ಟಿದ್ದರು. ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬರೇ ಎರಡು ಸೀಟು ಹಿಡಿದ ಹಾಗೆ. ಅಕ್ಕಪಕ್ಕದವರಿಗೂ ತೊಂದರೆ, ನಮಗೂ ತೊಂದರೆ. ಅಗಲ 20ಕ್ಕೆ ಇಳಿಸಿದೆ, ಚಾನೆಲ್ 1ಕ್ಕೆ ಹೋದೆ. ಪಿಂಗ್ 400ರಿಂದ 60ಕ್ಕೆ ಬಂತು.

5 ಗಿಗಾಹರ್ಟ್ಸಿನಲ್ಲಿ ಜಾಗ ಬೇಕಾದಷ್ಟಿದೆ, ಅಲ್ಲಿಗೇ ಹೋಗೋಣ ಅಂದರೆ ಗೋಡೆ ಬಿಡಲಿಲ್ಲ. ನಮ್ಮದು 1968ರಲ್ಲಿ ತಾತ ಕಟ್ಟಿಸಿದ ಮನೆ. ಹಾಲಿಗೂ ಹಿಂದಿನ ಕೋಣೆಗೂ ನಡುವೆ ಒಂದೂವರೆ ಅಡಿ ಇಟ್ಟಿಗೆ ಗೋಡೆ ಎರಡು ಇವೆ. ಜೊತೆಗೆ ಒಂದು ಕಬ್ಬಿಣದ ಬೀರು. ಹಾಲಿನಲ್ಲಿ 5 ಗಿಗಾಹರ್ಟ್ಸ್ ಭರ್ಜರಿಯಾಗಿ ಓಡುತ್ತದೆ, ಹಿಂದಿನ ಕೋಣೆಯಲ್ಲಿ ಹೆಸರೇ ಕಾಣುವುದಿಲ್ಲ.

ಅಪ್ಪ ಇದನ್ನೆಲ್ಲ ನೋಡುತ್ತಾ ಕೂತಿದ್ದರು. "ನನ್ನ ರೇಡಿಯೋ ಆ ಕೋಣೆಯಲ್ಲೂ ಬರುತ್ತಲ್ಲ, ಇದು ಯಾಕೆ ಬರಲ್ಲ?" ಅಂದರು. ಒಳ್ಳೆಯ ಪ್ರಶ್ನೆ. ಅಪ್ಪ ಕೇಳುವ ಮೈಸೂರು ಆಕಾಶವಾಣಿ 100.6 ಮೆಗಾಹರ್ಟ್ಸಿನಲ್ಲಿದೆ. ಆ ಅಲೆಯ ಉದ್ದ ಸುಮಾರು ಮೂರು ಮೀಟರ್. 2.4 ಗಿಗಾಹರ್ಟ್ಸಿನ ಅಲೆ ಒಂದು ಗೇಣೂ ಇಲ್ಲ, ಹನ್ನೆರಡೂವರೆ ಸೆಂಟಿಮೀಟರ್. 5 ಗಿಗಾಹರ್ಟ್ಸಿನದು ಅದರ ಅರ್ಧ. ಅಲೆ ಗಿಡ್ಡ ಆದಷ್ಟೂ ದಪ್ಪ ಗೋಡೆ ದಾಟುವುದು ಕಷ್ಟ. ಬಲದಲ್ಲೂ ಹೋಲಿಕೆ ಇಲ್ಲ. ಅಲ್ಲಿ ಕಿಲೋವ್ಯಾಟ್ ಲೆಕ್ಕದ ಪ್ರಸಾರ, ಇಲ್ಲಿ ಒಂದು ವ್ಯಾಟಿನ ಹತ್ತನೇ ಒಂದು ಭಾಗದ ಆಸುಪಾಸು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ನಮ್ಮದು. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೂ ಆ ಕೇಂದ್ರದಿಂದಲೇ. ಒಂದು ಮನೆಯಿಂದ ಊರಿಗೆಲ್ಲ ಸಂಗೀತ ಕೇಳಿಸಿದವರನ್ನು ನೆನೆದಾಗ, ಹಿಂದಿನ ಕೋಣೆಯಿಂದ ಹಾಲಿನವರೆಗೆ ಅಮ್ಮನ ವೀಣೆಯನ್ನು ತಲುಪಿಸಲೇಬೇಕು ಅನ್ನುವ ಹಟ ನನಗೆ ಜಾಸ್ತಿ ಆಯಿತು.

ಕೊನೆಗೆ ವೈಯರ್ ಎಳೆಸಿದೆ. ಹದಿನೈದು ಮೀಟರ್ ಲ್ಯಾನ್ ಕೇಬಲ್ ಹಾಲಿನಿಂದ ಗೋಡೆ ಮೇಲಂಚಿನಲ್ಲಿ ಹಿಂದಿನ ಕೋಣೆವರೆಗೆ. ಅಮ್ಮನ ಲ್ಯಾಪ್‌ಟಾಪ್‌ಗೆ ಅದನ್ನೇ ನೇರ ಚುಚ್ಚಿದೆವು. ವೈಫೈಯನ್ನು ಎಷ್ಟು ತಿದ್ದಿ ತೀಡಿದರೂ ಒಂದು ವೈಯರ್ ಕೊಡುವ ನೆಮ್ಮದಿ ಸಿಗಲಿಲ್ಲ. ಪಾಠ, ಪರೀಕ್ಷೆ, ಇಂಟರ್‌ವ್ಯೂ ಥರದ ಕೆಲಸಕ್ಕೆ ಸಾಧ್ಯವಿದ್ದರೆ ವೈಯರೇ ಹಾಕಿಕೊಳ್ಳಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಸಂಜೆಯ ತೊಂದರೆ ಅಲ್ಲಿಗೆ ಮುಗಿಯಿತು.

ಬೆಳಗಿನದು ಉಳಿಯಿತು. ಡಬ್ಬವೇ ಆರುವಾಗ ವೈಯರ್ ಏನು ಮಾಡೀತು?

ಎರಡು ವಾರದ ಮೇಲೆ ಅಮ್ಮನ ನೋಟ್‌ಬುಕ್ ತೆಗೆದುಕೊಂಡು ಅಡುಗೆಮನೆ ಟೇಬಲ್ ಮೇಲೆ ಕೂತೆವು. ಕೆಂಪು ಪೆನ್ನಿನಲ್ಲಿ ಹಲವು ಸಲ ಬರೆದಿದ್ದರು. 6:48, 6:52, 6:50, 7:05, ಹೀಗೆ. ಎಲ್ಲವೂ ಏಳರ ಆಚೆ ಈಚೆ. ಬಹುಪಾಲು ಪಾಠದ ನಡುವೆ. ಮೊದಲು ವಾರದ ದಿನ ನೋಡಿದೆ. ಸೋಮ, ಬುಧ, ಶುಕ್ರ, ಆಮೇಲೆ ಭಾನುವಾರ, ಮಂಗಳವಾರ. ವಾರಕ್ಕೆ ಹೊಂದಿಕೆ ಆಗಲಿಲ್ಲ. ತಾರೀಖು ನೋಡಿದಾಗ ಕಂಡಿತು. ಒಂದು ದಿನ ಬಿಟ್ಟು ಒಂದು ದಿನ, ನಡುವೆ ಕೆಲವು ತಪ್ಪಿವೆ ಅಷ್ಟೇ. ಅಮ್ಮ ಆ ತಾರೀಖುಗಳನ್ನೇ ನೋಡುತ್ತಿದ್ದವರು ತಲೆ ಎತ್ತಿ, "ಇವೆಲ್ಲ ನೀರು ಬರೋ ದಿನ ಕಣೆ" ಅಂದರು.

ನಮ್ಮ ಬೀದಿಗೆ ಆಗ ದಿನ ಬಿಟ್ಟು ದಿನ ನೀರು ಬರುತ್ತಿತ್ತು, ಬೆಳಿಗ್ಗೆ ಆರರ ಹೊತ್ತಿಗೆ. ನಮ್ಮ ಸಂಪು ಚಿಕ್ಕದು, ಮುಕ್ಕಾಲು ಗಂಟೆಯಲ್ಲಿ ತುಂಬುತ್ತದೆ. ತುಂಬಿದ ತಕ್ಷಣ ಅಪ್ಪ ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತಾರೆ. ಆಗ ಸಂಪಿನಲ್ಲಿ ಜಾಗ ಆಗುತ್ತದೆ, ಬರುವ ನೀರು ಇನ್ನಷ್ಟು ಹಿಡಿಯುತ್ತದೆ. ವರ್ಷಗಳಿಂದ ನಡೆದುಬಂದ ಕ್ರಮ. ಅದೂ ನೆಟ್ಟೂ ಒಂದಕ್ಕೊಂದು ಸಂಬಂಧ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅನುಮಾನ ಬಂದರೆ ಸಾಲದು, ನೋಡಬೇಕಲ್ಲ. ಶನಿವಾರ ಮಧ್ಯಾಹ್ನ ಅಪ್ಪ ಮೋಟಾರ್ ಸ್ವಿಚ್ ಹತ್ತಿರ, ನಾನು ಡಬ್ಬದ ಮುಂದೆ. ಅಪ್ಪ ಅಲ್ಲಿಂದ "ಹಾಕ್ದೆ" ಅಂತ ಕೂಗಿದರು. ಹಾಲಿನ ಬಲ್ಬ್ ಒಂದು ಸಲ ಮಿಟುಕಿತು. ಡಬ್ಬದ ನಾಲ್ಕೂ ದೀಪ ಒಟ್ಟಿಗೆ ಆರಿದವು. ಒಂದು ಕ್ಷಣ ಬಿಟ್ಟು ಪವರ್ ದೀಪ ಹೊತ್ತಿಕೊಂಡಿತು. ಉಳಿದವು ಒಂದೊಂದಾಗಿ ಬಂದವು, ಮೂರು ನಿಮಿಷ ಹಿಡಿಯಿತು. ಕಣ್ಣೆದುರೇ ಅದನ್ನು ನೋಡಿದಾಗ ಆದ ಸಂತೋಷ ಹೇಳತೀರದು. ಪದೇ ಪದೇ ಹಾಕಿದರೆ ಮೋಟಾರ್ ಬಿಸಿ ಆಗುತ್ತೆ ಅಂದರು ಅಪ್ಪ. ಅರ್ಧ ಗಂಟೆಗೊಂದು ಸಲದಂತೆ ಒಟ್ಟು ನಾಲ್ಕು ಸಲ ಹಾಕಿದೆವು. ಮೂರು ಸಲ ಡಬ್ಬ ಆರಿತು, ಒಂದು ಸಲ ಆರಲಿಲ್ಲ. ಪ್ರತಿ ಸಲವೂ ಆಗದಿದ್ದದ್ದೇ ಇಷ್ಟು ದಿನ ನಮ್ಮ ದಾರಿ ತಪ್ಪಿಸಿತ್ತು.

ನಮ್ಮದು ಒಂದು ಎಚ್‌ಪಿ ಮೋಟಾರ್. ಇಂಥ ಮೋಟಾರ್ ಓಡುವಾಗ ಎಳೆಯುವ ಕರೆಂಟಿಗಿಂತ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಜಾಸ್ತಿ ಎಳೆಯುತ್ತದೆ. ಹಳೇ ಮನೆಯ ಸಣ್ಣ ವೈಯರಿನಲ್ಲಿ ಅಷ್ಟು ಕರೆಂಟ್ ಹರಿದರೆ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಆದರೆ ಅಷ್ಟಕ್ಕೇ ಡಬ್ಬ ಆರಬಾರದು. ಅಡಾಪ್ಟರ್ ಮೇಲೇ ಬರೆದಿದೆ, 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ ಅಂತ. ಮೊದಲೂ ಇದೇ ಮೋಟಾರ್, ಇದೇ ವೈಯರ್ ಇತ್ತು. ಈಗ ಮಾತ್ರ ಯಾಕೆ?

ಶೋಕೇಸಿನ ಹಿಂದಿನಿಂದ ಅಡಾಪ್ಟರ್ ಎಳೆದು ತೆಗೆದೆ. 12 ವೋಲ್ಟ್, 1 ಆಂಪಿಯರ್ ಅಂತ ಇತ್ತು. ಮುಟ್ಟಿದರೆ ಚೆನ್ನಾಗಿ ಬಿಸಿ. ಅಪ್ಪನ ಮಲ್ಟಿಮೀಟರಿನಲ್ಲಿ ನೋಡಿದರೆ 12.1 ತೋರಿಸಿತು. ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಅಪ್ಪ ಒಪ್ಪಲಿಲ್ಲ. ಶಿವರಾಂಪೇಟೆಯಲ್ಲಿ ಅವರಿಗೆ ಬಹಳ ವರ್ಷದ ಪರಿಚಯದ ಒಂದು ರಿಪೇರಿ ಅಂಗಡಿ ಇದೆ. ಅಲ್ಲಿಗೆ ಹೋದೆವು.

ಅಂಗಡಿಯ ಹಿರಿಯರು ವಾಲ್ವ್ ರೇಡಿಯೋ ಕಾಲದಿಂದ ಬೆಸುಗೆ ಕಡ್ಡಿ ಹಿಡಿದವರು. ನನ್ನ 12.1ರ ಲೆಕ್ಕ ಕೇಳಿ ತಲೆ ಅಲ್ಲಾಡಿಸಿದರು. "ಸುಮ್ನೆ ಕೂತವನ ಶಕ್ತಿ ಅಳೆದರೆ ಏನು ಗೊತ್ತಾಗುತ್ತಮ್ಮಾ? ಮೂಟೆ ಹೊರಿಸಿ ನೋಡಬೇಕು" ಅಂದರು. ಅಡಾಪ್ಟರ್ ತುದಿಗೆ ಸುಮಾರು ಒಂದು ಆಂಪಿಯರ್ ಎಳೆಯುವ ದಪ್ಪ ರೆಸಿಸ್ಟರ್ ಜೋಡಿಸಿದರು. 12.1 ಇದ್ದದ್ದು ಇಳಿದು 10ರ ಕೆಳಗೆ ಬಂತು, ಅಲ್ಲೂ ನಿಲ್ಲದೆ ತೂಗಾಡಿತು. ಆಮೇಲೆ ಮುಚ್ಚಳ ಒಡೆದು ತೋರಿಸಿದರು. ಒಳಗೆ ಸಣ್ಣ ಡ್ರಮ್ಮಿನ ಹಾಗಿರುವ ಎರಡು ಕಂಡೆನ್ಸರ್. ಒಂದರ ತಲೆ ಚಪ್ಪಟೆಯಾಗಿ ಇರಬೇಕಾದದ್ದು ಪೂರಿಯ ಹಾಗೆ ಉಬ್ಬಿತ್ತು. ಇನ್ನೊಂದರ ಬುಡದಲ್ಲಿ ಕಂದು ಕಲೆ.

ಅವರು ವಿವರಿಸಿದ್ದು ನನಗೆ ಅರ್ಥವಾದದ್ದು ಹೀಗೆ. ಗೋಡೆಯಿಂದ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅಡಾಪ್ಟರ್ ಒಳಗೆ ಅದು ನೇರ ಕರೆಂಟಾಗಿ ಮೊದಲ ಕಂಡೆನ್ಸರಿನಲ್ಲಿ ತುಂಬಿಕೊಳ್ಳುತ್ತದೆ, ನಮ್ಮ ಸಂಪಿನಲ್ಲಿ ನೀರು ತುಂಬಿಕೊಂಡ ಹಾಗೆ. ಹೊರಗಿನಿಂದ ಬರುವುದು ಒಂದು ಕ್ಷಣ ಕಡಿಮೆಯಾದರೂ ಒಳಗಿರುವುದರಿಂದ ಡಬ್ಬ ನಡೆಯುತ್ತದೆ. ಆದರೆ ಈ ಕಂಡೆನ್ಸರಿನೊಳಗೆ ಒಂದು ದ್ರವ ಇರುತ್ತದೆ, ಅದು ಬಿಸಿಗೆ ನಿಧಾನವಾಗಿ ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. ಗಾಳಿಯಾಡದ ಶೋಕೇಸಿನ ಹಿಂದೆ ನಮ್ಮ ಅಡಾಪ್ಟರ್ ಆರು ವರ್ಷ ಹಗಲೂ ರಾತ್ರಿ ಬಿಸಿಯಲ್ಲಿ ಕೂತಿತ್ತು. ಸಂಪೇ ಬತ್ತಿದ ಮೇಲೆ, ಒಂದು ಕ್ಷಣ ನಲ್ಲಿ ನಿಂತರೂ ಟ್ಯಾಂಕಿಗೆ ನೀರಿಲ್ಲ.

"ಹಳೇ ರೇಡಿಯೋದಲ್ಲಿ ಇದೇ ಕಂಡೆನ್ಸರ್ ಹೋದರೆ ಗುಂಯ್ ಅಂತ ಸದ್ದು ಬರೋದು. ಕೇಳಿದ ತಕ್ಷಣ ಗೊತ್ತಾಗೋದು. ನಿಮ್ಮ ಡಬ್ಬಕ್ಕೆ ಬಾಯಿಲ್ಲ ನೋಡಿ, ಪಾಪ, ಅದು ಆರಿಹೋಗುತ್ತೆ" ಅಂದರು ಹಿರಿಯರು.

ಹೊಸ ಅಡಾಪ್ಟರ್ 300 ರೂಪಾಯಿ. ತೆಗೆದುಕೊಳ್ಳುವಾಗ ಅವರು ಮೂರು ವಿಷಯ ನೋಡಿಕೊಟ್ಟರು. ವೋಲ್ಟೇಜ್ ಹಳೆಯದರಷ್ಟೇ ಇರಬೇಕು, 12 ಅಂದರೆ 12. ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಡಬ್ಬ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಹಾಗಾಗಿ 2 ಆಂಪಿಯರಿನದ್ದು ಕೊಟ್ಟರು. ಮೂರನೆಯದು ಪಿನ್ನು. ಒಳಗಿನ ಕಡ್ಡಿ ಪ್ಲಸ್ಸಾ ಮೈನಸ್ಸಾ ಅಂತ ಅಡಾಪ್ಟರ್ ಮೇಲೆ ಸಣ್ಣ ಚಿತ್ರ ಇರುತ್ತದೆ, ಅದು ಡಬ್ಬದ ಮೇಲಿನದಕ್ಕೆ ಹೊಂದಬೇಕು. ಪಿನ್ನಿನ ತೂತು 2.1 ಮಿಲಿಮೀಟರ್ ಇರುತ್ತದೆ, 2.5 ಕೂಡ ಇರುತ್ತದೆ. ನೋಡಲು ಒಂದೇ ಥರ. ತಪ್ಪಾದರೆ ಸಡಿಲವಾಗಿ ಕೂತು ಹೊಸ ತಲೆನೋವು ಶುರುವಾಗುತ್ತದೆ.

ಒಡೆದ ಅಡಾಪ್ಟರನ್ನು ಅವರಿಂದಲೇ ಮತ್ತೆ ಮುಚ್ಚಿಸಿ, ಟೇಪ್ ಸುತ್ತಿಸಿ ಮನೆಗೆ ತಂದೆ. ಯಾಕೆಂದರೆ ನನಗೆ ಪೂರ್ತಿ ಖಾತ್ರಿ ಬೇಕಿತ್ತು. ಹೊಸದನ್ನು ಹಾಕಿ ಮೋಟಾರ್ ನಾಲ್ಕು ಸಲ, ಅದೇ ಅರ್ಧ ಗಂಟೆ ಬಿಟ್ಟು. ಬಲ್ಬ್ ನಾಲ್ಕೂ ಸಲ ಮಿಟುಕಿತು, ಡಬ್ಬ ಒಂದು ಸಲವೂ ಆರಲಿಲ್ಲ. ಮಾರನೇ ದಿನ ಹಳೆಯದನ್ನು ಹಾಕಿ ಒಂದೇ ಸಲ ನೋಡಿದೆ. ಆರಿತು. ಮತ್ತೆ ಹೊಸದು ಹಾಕಿದೆ. ಹೀಗೆ ಹಿಂದಕ್ಕೆ ಹೋಗಿ ನೋಡಿದ್ದಕ್ಕೇ ಇವತ್ತು ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಹೊಸದು ಹಾಕಿದ ಮೇಲೆ ಸರಿಹೋಯಿತು ಅನ್ನುವುದಷ್ಟೇ ಆಗಿದ್ದರೆ ಕಾಕತಾಳೀಯ ಇರಬಹುದಲ್ಲ ಅನ್ನುವ ಹುಳ ತಲೆಯಲ್ಲಿ ಉಳಿಯುತ್ತಿತ್ತು. ಹಳೆಯದನ್ನು ಆಮೇಲೆ ಇನ್ಯಾರೂ ಬಳಸದ ಹಾಗೆ ವೈಯರ್ ಕತ್ತರಿಸಿ ಅಂಗಡಿಗೇ ವಾಪಸ್ ಕೊಟ್ಟೆ.

ಡಬ್ಬ ಬದಲಾಯಿಸಿದ ಹುಡುಗನಿಗೂ ಫೋನ್ ಮಾಡಿ ಹೇಳಿದೆ. "ಹೌದಾ ಮೇಡಂ? ಇನ್ನು ಮೇಲೆ ಅಡಾಪ್ಟರ್ ಕೂಡ ಚೇಂಜ್ ಮಾಡ್ತೀನಿ. ಹೀಗೇ ಬಾಕ್ಸ್ ಚೇಂಜ್ ಮಾಡಿದ ಮೇಲೂ ಕಂಪ್ಲೇಂಟ್ ಬರೋ ಮನೆ ಇನ್ನೂ ಎರಡಿವೆ" ಅಂದ. ಅದನ್ನು ಕೇಳಿ ನನಗೆ ತುಂಬಾ ಸಮಾಧಾನ ಆಯಿತು. ಎಷ್ಟು ಒಳ್ಳೆಯ ಡಬ್ಬಗಳು ಹೀಗೆ ಸುಮ್ನೆ ಗುಜರಿಗೆ ಹೋಗುತ್ತಿವೆಯೋ ಅನ್ನಿಸಿತು.

ಆಮೇಲೆ ದಸರಾ ಹೊತ್ತಿಗೆ ಒಂದು ಮಿನಿ ಯುಪಿಎಸ್ ಕೂಡ ತಂದೆ, ಒಂದೂವರೆ ಸಾವಿರದ ಒಳಗೆ. ಅಂಗೈಯಗಲದ್ದು. ಅಡಾಪ್ಟರಿಗೂ ಡಬ್ಬಕ್ಕೂ ನಡುವೆ ಕೂರುತ್ತದೆ. ಕರೆಂಟ್ ಹೋದರೂ ಮೂರು ಗಂಟೆ ಡಬ್ಬ ನಡೆಯುತ್ತದೆ. ನಮ್ಮ ಥರದ ಫೈಬರ್ ಜಾಲದಲ್ಲಿ ಕಂಪನಿಯ ಕೇಂದ್ರಕ್ಕೂ ಮನೆಗೂ ನಡುವೆ ಕರೆಂಟ್ ಬೇಕಾದ ಯಂತ್ರ ಇಲ್ಲ, ಬೆಳಕು ಹಂಚುವ ಗಾಜಿನ ಕವಲು ಮಾತ್ರ. ಹಾಗಾಗಿ ಬೀದಿಗೆಲ್ಲ ಕತ್ತಲಾದರೂ ಅಮ್ಮನ ಪಾಠ ನಿಲ್ಲುವುದಿಲ್ಲ. ಮೋಟಾರಿಗೆ ಮೀಟರ್ ಬೋರ್ಡಿನಿಂದ ದಪ್ಪ ವೈಯರಿನ ಬೇರೆ ಲೈನ್ ಎಳೆಸುವುದು ಇನ್ನೂ ಬಾಕಿ ಇದೆ. ಬಲ್ಬ್ ಮಿಟುಕುವುದು ನಿಲ್ಲಬೇಕಾದರೆ ಅದೇ ದಾರಿ. ಎಲೆಕ್ಟ್ರಿಷಿಯನ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಆ ಐದು ವಾರದಲ್ಲಿ ಅಪ್ಪನಿಗೆ ಒಂದು ಅಭ್ಯಾಸ ಆಗಿಬಿಟ್ಟಿದೆ. ಈಗಲೂ ನೀರು ಬರುವ ದಿನ ಸ್ವಿಚ್ ಹಾಕುವ ಮೊದಲು ಹಿತ್ತಲಿನಿಂದ "ಮೋಟಾರ್ ಹಾಕ್ತಿದೀನಿ" ಅಂತ ಕೂಗುತ್ತಾರೆ. ಮೊದಲಾದರೆ ಅಮ್ಮ ತಕ್ಷಣ ವೀಣೆ ನಿಲ್ಲಿಸುತ್ತಿದ್ದರು. ಈಗ "ಹಾಕಿ ಹಾಕಿ" ಅನ್ನುತ್ತಾ ಆ ಹುಡುಗಿಗೆ ತಾಳ ತೋರಿಸುತ್ತಲೇ ಇರುತ್ತಾರೆ. ಬಲ್ಬ್ ಒಂದು ಸಲ ಮಿಟುಕುತ್ತದೆ. ಅವಳು ಜಂಟಿ ವರಸೆಯ ಮೂರನೇ ಕಾಲದ ವೇಗದಲ್ಲಿದ್ದಾಳೆ.